ಕೆಂಧೂಳು, ಉರಿಬಿಸಿಲು, ಸವುಳು ನೀರು: ಬಳ್ಳಾರಿ–ರಾಯಚೂರು–ಕೊಪ್ಪಳ ಸೀಮೆಯಲ್ಲಿ ಕಾರಿನ ಬಣ್ಣ ಕಾಪಾಡುವ ಸಮಗ್ರ ಮಾರ್ಗದರ್ಶಿ

ನಮ್ಮ ಸೀಮೆಯಲ್ಲಿ ಕಾರಿನ ಬಣ್ಣ ಮಂಕಾದರೆ ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ಬಿಸಿಲಿನ ಪಾಲು ಇರುವುದು ನಿಜ. ಆದರೆ ಬಿಸಿಲು ಹಲವು ವರ್ಷಗಳಲ್ಲಿ ಮಾಡುವ ಹಾನಿಯನ್ನು, ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಬಾನೆಟ್ ಒರೆಸುವ ಕೈ ಕೆಲವೇ ತಿಂಗಳುಗಳಲ್ಲಿ ಮಾಡಿಬಿಡುತ್ತದೆ. ಬಳ್ಳಾರಿಯಲ್ಲಾಗಲಿ, ರಾಯಚೂರಿನಲ್ಲಾಗಲಿ, ಕೊಪ್ಪಳದಲ್ಲಾಗಲಿ ಯಾವುದೇ ಬೀದಿಯಲ್ಲಿ ನಿಂತ ಕಪ್ಪು ಅಥವಾ ಕಡುನೀಲಿ ಕಾರನ್ನು ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ, ಜೇಡರಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣುತ್ತವೆ. ಅವು ಬಿಸಿಲಿನಿಂದ ಆದವಲ್ಲ, ಧೂಳನ್ನು ಬಣ್ಣದ ಮೇಲೆ ಉಜ್ಜಿದ್ದರಿಂದ ಆದವು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ದುಬಾರಿ ಲೇಪನಗಳಿಗಿಂತ ಮೊದಲು ಧೂಳನ್ನು ತೆಗೆಯುವ ಕ್ರಮಕ್ಕೆ ಹೆಚ್ಚಿನ ಜಾಗ ಕೊಡಲಾಗಿದೆ. ಅದು ಸರಿಯಾಗದ ಹೊರತು ಮುಂದಿನ ಯಾವ ಖರ್ಚೂ ಫಲ ಕೊಡುವುದಿಲ್ಲ.

ನಾವು ಕಾಪಾಡಬೇಕಾದ ಪದರ ಯಾವುದು

ಕಾರ್ಖಾನೆಯಲ್ಲಿ ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಲೇಪ, ಅದರ ಮೇಲೆ ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಪದರ, ಬಳಿಕ ಪ್ರೈಮರ್, ಬಳಿಕ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುವ ಬೇಸ್ ಕೋಟ್, ಕೊನೆಗೆ ಎಲ್ಲದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಬರುತ್ತದೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100 ರಿಂದ 130 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35 ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುವುದು ಈ ಪದರದಲ್ಲಿಯೇ. ಇದು ಸವೆದರೆ ಕೆಳಗಿನ ಬಣ್ಣಕ್ಕೆ ನೆರಳಿಲ್ಲದಂತಾಗುತ್ತದೆ. ಮೊದಲು ಮಂಕು, ನಂತರ ಬಿಳುಚು ಕಲೆ, ಕೊನೆಗೆ ಸಿಪ್ಪೆ ಏಳುವುದು. ಕಾರಿನ ಛಾವಣಿ ಮತ್ತು ಬಾನೆಟ್ ಮೊದಲು ಕೆಡುವುದಕ್ಕೆ ಕಾರಣ ಅವು ಆಕಾಶಕ್ಕೆ ಮುಖಮಾಡಿ ಮಲಗಿರುವುದು.

ಕೆಲವು ಸಾದಾ ಬಿಳಿ ಕಾರುಗಳಿಗೆ ಪ್ರತ್ಯೇಕ ಕ್ಲಿಯರ್ ಕೋಟ್ ಇರುವುದಿಲ್ಲ. ಕಾಣದ ಮೂಲೆಯೊಂದರಲ್ಲಿ ಸ್ವಲ್ಪ ಪಾಲಿಶ್ ಹಚ್ಚಿ ಬಿಳಿಯಲ್ಲದ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಅಂಥ ಬಣ್ಣವೆಂದು ತಿಳಿಯಬೇಕು. ಅಂಥ ಕಾರಿಗೆ ರಕ್ಷಣಾ ಲೇಪನ ಇನ್ನೂ ಹೆಚ್ಚು ಅಗತ್ಯ.

ನಮ್ಮ ಧೂಳು ಒಂದೇ ಬಗೆಯದಲ್ಲ

ಸಂಡೂರು, ದೋಣಿಮಲೆ, ತೋರಣಗಲ್ಲು ಕಡೆಯ ಕೆಂಧೂಳಿನಲ್ಲಿ ಕಬ್ಬಿಣದ ಅದಿರು, ಅಂದರೆ ಹೆಮಟೈಟ್ ಇರುತ್ತದೆ. ಖನಿಜಗಳ ಗಡಸುತನವನ್ನು 1 ರಿಂದ 10ರವರೆಗೆ ಗುರುತಿಸುವ ಮೋಸ್ ಮಾಪಕದಲ್ಲಿ ಇದರ ಗಡಸುತನ 5.5 ರಿಂದ 6.5; ಸಾಮಾನ್ಯ ಮರಳಿನ ಕ್ವಾರ್ಟ್ಸ್ ಗಡಸುತನ 7. ಕ್ಲಿಯರ್ ಕೋಟ್ ಪ್ಲಾಸ್ಟಿಕ್ ಜಾತಿಯ ಪದಾರ್ಥ. ಇವೆರಡರ ಮುಂದೆ ಅದು ಬಹಳ ಮೆದು. ಅದಿರಿನ ಧೂಳಿಗೂ, ಉಕ್ಕು ಮತ್ತು ಸ್ಪಾಂಜ್ ಐರನ್ ಘಟಕಗಳ ಸುತ್ತಮುತ್ತ, ರೈಲುಹಳಿಗಳ ಬದಿಯಲ್ಲಿ ಹಾರುವ ಲೋಹದ ಕಣಗಳಿಗೂ ವ್ಯತ್ಯಾಸವಿದೆ. ಅದಿರು ಈಗಾಗಲೇ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಅದು ಗೀರುತ್ತದೆ, ಕೆಂಪು ಕಲೆ ಬಿಡುತ್ತದೆ. ಲೋಹದ ಕಣ ಹಾಗಲ್ಲ. ಅದು ಬಣ್ಣದ ಮೇಲೆ ನಾಟಿಕೊಂಡು, ಇಬ್ಬನಿಯೋ ಮಳೆಯೋ ತಾಗಿದಾಗ ಅಲ್ಲಿಯೇ ತುಕ್ಕು ಹಿಡಿದು, ಬಿಳಿ ಕಾರಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ.

ರಾಯಚೂರಿನ ಶಕ್ತಿನಗರ, ಯರಮರಸ್ ಹಾಗೂ ಬಳ್ಳಾರಿಯ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತಲಿನವರಿಗೆ ಹಾರುಬೂದಿಯ ಪರಿಚಯವಿದೆ. ಅದು ಸಿಲಿಕಾ ಮತ್ತು ಅಲ್ಯುಮಿನಾದಿಂದಾದ ಅತಿ ಸಣ್ಣ ಗಾಜಿನಂಥ ಕಣ. ಮುಟ್ಟಿದರೆ ಹಿಟ್ಟಿನಂತೆ ಮೆತ್ತಗಿರುವುದರಿಂದ ಗೀರುವುದಿಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಭಾಗದಲ್ಲಿ ಅಕ್ಕಿ ಗಿರಣಿಗಳಿಂದ ಬರುವ ಕರಿಬೂದಿಯೂ ಹೀಗೆಯೇ ಮೋಸ ಮಾಡುತ್ತದೆ, ಏಕೆಂದರೆ ಸುಟ್ಟ ಭತ್ತದ ಹೊಟ್ಟಿನಲ್ಲಿ ಉಳಿಯುವುದು ಬಹುಪಾಲು ಸಿಲಿಕಾವೇ. ಇನ್ನು ಎರೆಭೂಮಿಯ ಮಣ್ಣು ಒಣಗಿದಾಗ ಧೂಳಾಗಿ ಹಾರುತ್ತದೆ, ಒದ್ದೆಯಾದಾಗ ಚಕ್ರದ ಗೂಡಿನಲ್ಲಿ ಮೆತ್ತಿಕೊಂಡು ದಿನಗಟ್ಟಲೆ ತೇವ ಹಿಡಿದಿಡುತ್ತದೆ.

ಮೊದಲ ಹಂತ: ಒಣ ಒರೆತವನ್ನು ನಿಲ್ಲಿಸುವುದು

ಕೋಳಿಪುಕ್ಕದ ಪೊರಕೆ, ಹಳೆಯ ಬನಿಯನ್, ಹಳದಿ ಬಟ್ಟೆ, ಮೇಣ ಸವರಿದ ಡಸ್ಟರ್ ಯಾವುದೇ ಆಗಿರಲಿ, ಒಣ ಧೂಳಿನ ಮೇಲೆ ಆಡಿಸಿದರೆ ಮೇಲೆ ಹೇಳಿದ ಕಣಗಳನ್ನೆಲ್ಲ ಕ್ಲಿಯರ್ ಕೋಟಿಗೆ ಒತ್ತಿ ಎಳೆದಂತಾಗುತ್ತದೆ. ದಿನಗೂಲಿಗೆ ಕಾರು ಒರೆಸುವವರನ್ನು ಇಟ್ಟುಕೊಂಡವರು ಅವರಿಗೆ ಗಾಜು, ಕನ್ನಡಿ ಮತ್ತು ಒಳಭಾಗವನ್ನು ಮಾತ್ರ ಒಪ್ಪಿಸಿ, ಬಣ್ಣದ ಭಾಗವನ್ನು ಮುಟ್ಟದಂತೆ ಸೌಜನ್ಯದಿಂದ ತಿಳಿಸಬೇಕು. ಧೂಳು ಕೂತಿರುವ ಕಾರು ನೋಡಲು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ಆದರೆ ಸುಮ್ಮನೆ ಕೂತ ಒಣ ಧೂಳು ಒಂದು ವಾರದಲ್ಲಿ ಮಾಡುವ ಹಾನಿ ಅತ್ಯಲ್ಪ. ಅದನ್ನು ಒರೆಸುವುದರಿಂದ ಆಗುವ ಗೀರು ಶಾಶ್ವತ.

ತೊಳೆಯಲು ಸಮಯವಿಲ್ಲದ ದಿನ ನೀರನ್ನು ಮಾತ್ರ ಧಾರಾಳವಾಗಿ ಸುರಿದು ಬಿಡಬಹುದೇ ಎಂದು ಕೇಳುವವರಿದ್ದಾರೆ. ಮೃದು ನೀರು ಇದ್ದು, ನೆರಳಿದ್ದರೆ ಸರಿ. ಬೋರ್‌ವೆಲ್ ನೀರಾದರೆ ಬೇಡ. ಅದಕ್ಕೆ ಕಾರಣ ಮುಂದಿದೆ.

ಎರಡನೆಯ ಹಂತ: ನೀರಿನ ಆಯ್ಕೆ

ನಮ್ಮ ಮೂರೂ ಜಿಲ್ಲೆಗಳ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುವ ಈ ನೀರಿನ ಹನಿ ಬಿಸಿ ತಗಡಿನ ಮೇಲೆ ಆರಿದಾಗ ನೀರು ಹೋಗಿ ಲವಣ ಉಳಿದು ಬಿಳಿ ಉಂಗುರವಾಗುತ್ತದೆ. ಅದರ ಮೇಲೆ ಮರುದಿನದ ಬಿಸಿಲು ಬಿದ್ದರೆ ಆ ಉಂಗುರ ಕ್ಲಿಯರ್ ಕೋಟನ್ನು ಕೊರೆಯತೊಡಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಕರಗಿದ ಒಟ್ಟು ಲವಣಗಳಿಗೆ ಲೀಟರಿಗೆ 500 ಮಿಲಿಗ್ರಾಂ ಅಪೇಕ್ಷಣೀಯ ಮಿತಿಯನ್ನೂ, ಬೇರೆ ಮೂಲವಿಲ್ಲದಿದ್ದರೆ 2000 ಮಿಲಿಗ್ರಾಂವರೆಗಿನ ವಿನಾಯಿತಿಯನ್ನೂ ಕೊಡುತ್ತದೆ. ಅಂದರೆ ಕುಡಿಯಲು ಯೋಗ್ಯವಾದ ನೀರು ಕೂಡ ಕಾರಿನ ಮೇಲೆ ಕಲೆ ಬಿಡಬಲ್ಲದು. ಕರಗಿದ ಒಟ್ಟು ಲವಣಗಳನ್ನು ಕೈಯಲ್ಲಿ ಹಿಡಿದು ಅಳೆದು ನೋಡುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಮನೆಯಲ್ಲಿದ್ದರೆ ಒಳ್ಳೆಯದು.

ತುಂಗಭದ್ರಾ ಅಥವಾ ಕೃಷ್ಣಾ ನದಿಯ ನೀರು ನಲ್ಲಿಯಲ್ಲಿ ಬರುವ ಬಡಾವಣೆಯವರು ಆ ನೀರು ಬಿಡುವ ದಿನವನ್ನೇ ಕಾರು ತೊಳೆಯುವ ದಿನವನ್ನಾಗಿ ಮಾಡಿಕೊಳ್ಳುವುದು ಉತ್ತಮ. ಬೋರ್‌ವೆಲ್ ಬಿಟ್ಟರೆ ಗತಿಯಿಲ್ಲದವರು ಅದರಲ್ಲಿಯೇ ತೊಳೆದು, ಕೊನೆಯ ಜಾಲನೆಗೆ ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಒಂದು ಕ್ಯಾನ್ ಬಳಸಬೇಕು. ಹೂಗಿಡಗಳಿಗೆ ನೀರು ಹನಿಸುವ ಝಾರಿಯಲ್ಲಿ ಛಾವಣಿಯಿಂದ ಕೆಳಕ್ಕೆ ಹರಿಸಿದರೆ ಒಂದು ಕ್ಯಾನ್ ಸಾಕಾಗುತ್ತದೆ.

ಮನೆಯ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವ ಪದ್ಧತಿ ಹಲವು ಮನೆಗಳಲ್ಲಿದೆ. ನೀರು ಉಳಿಸುವ ಆ ಕಾಳಜಿ ಮೆಚ್ಚತಕ್ಕದ್ದು, ಆದರೆ ಆ ನೀರಿನಲ್ಲಿ ಯಂತ್ರವು ಬೇರ್ಪಡಿಸಿದ ಲವಣಗಳೆಲ್ಲ ಸೇರಿಕೊಂಡು ಅದು ಮೂಲ ಬೋರ್‌ವೆಲ್ ನೀರಿಗಿಂತಲೂ ಗಡಸಾಗಿರುತ್ತದೆ. ಅದು ಅಂಗಳ ತೊಳೆಯಲು ಇರಲಿ, ಕಾರಿಗೆ ಬೇಡ.

ಮೂರನೆಯ ಹಂತ: ತೊಳೆಯುವ ಕ್ರಮ

ಸಮಯ ಬೆಳಿಗ್ಗೆ ಏಳರೊಳಗೆ ಅಥವಾ ಹೊತ್ತು ಮುಳುಗಿದ ಮೇಲೆ ಇರಬೇಕು. ಬೇಸಿಗೆಯ ಮಧ್ಯಾಹ್ನ ಕಡುಬಣ್ಣದ ಕಾರಿನ ಮೈ 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅಂಥ ತಗಡಿನ ಮೇಲೆ ಶಾಂಪೂ ಜಾಲಿಸುವಷ್ಟರಲ್ಲಿ ಒಣಗಿ ಕಲೆಯಾಗುತ್ತದೆ. ಬಾನೆಟ್ ಮೇಲೆ ಅಂಗೈ ಇಟ್ಟಾಗ ತಣ್ಣಗಿರಬೇಕು, ಅದೇ ಪರೀಕ್ಷೆ. ಸಂಜೆಯಾದರೆ ಎಂಜಿನ್ ಆರಲೂ ಸಮಯ ಕೊಡಬೇಕು.

ಬೇಕಾದ ಸಾಮಾನುಗಳು ಹೆಚ್ಚಲ್ಲ. ಎರಡು ಬಕೆಟ್, ಪಿಎಚ್ ಸಮತೋಲನದ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ಕಾರ್ ಶಾಂಪೂ, ಉದ್ದ ಎಳೆಗಳ ಮೈಕ್ರೋಫೈಬರ್ ಕೈಗವಸು, ಒಣಗಿಸಲು ದಪ್ಪನೆಯ ಮೈಕ್ರೋಫೈಬರ್ ಟವೆಲ್, ಚಕ್ರಗಳಿಗೆ ಬೇರೆಯದೇ ಬಟ್ಟೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ಸಾಬೂನು ಬಳಸಬಾರದು. ಅವು ಜಿಡ್ಡನ್ನು ತೆಗೆಯಲೆಂದೇ ಮಾಡಿದವು, ಆದ್ದರಿಂದ ನೀವು ಹಚ್ಚಿದ ವ್ಯಾಕ್ಸ್, ಅಂದರೆ ಮೇಣದ ಪದರವನ್ನೂ ತೆಗೆದುಹಾಕುತ್ತವೆ.

ಮೊದಲು ಚಕ್ರಗಳನ್ನು ಮತ್ತು ಚಕ್ರದ ಗೂಡುಗಳನ್ನು ತೊಳೆಯಬೇಕು. ಕೊನೆಗೆ ತೊಳೆದರೆ ಅಲ್ಲಿನ ಕೊಳೆ ಸ್ವಚ್ಛವಾದ ಮೈಮೇಲೆ ಸಿಡಿಯುತ್ತದೆ. ಎರೆಮಣ್ಣು ಮೆತ್ತಿದ್ದರೆ ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟು ನಂತರ ರಭಸದ ನೀರು ಹಾಯಿಸಬೇಕು, ಕೋಲಿನಿಂದ ಕೆದಕಬಾರದು. ಆಮೇಲೆ ಇಡೀ ಕಾರಿಗೆ ಮೇಲಿನಿಂದ ಕೆಳಕ್ಕೆ ನೀರು ಹರಿಸಬೇಕು. ಯಾವುದನ್ನೂ ಮುಟ್ಟದೆ ನೀರಿನಿಂದಲೇ ಎಷ್ಟು ಧೂಳು ಇಳಿಸಬಹುದೋ ಅಷ್ಟನ್ನು ಇಳಿಸುವುದು ಇಡೀ ಕೆಲಸದ ಜೀವಾಳ. ಕೆಂಧೂಳು ದಟ್ಟವಾಗಿದ್ದರೆ ಪಂಪಿನಲ್ಲಿ ಶಾಂಪೂ ನೊರೆ ಹೊಡೆದು ನಾಲ್ಕೈದು ನಿಮಿಷ ಬಿಟ್ಟು, ನೊರೆ ಕೆಂಪಗಾಗಿ ಕೆಳಗಿಳಿಯುವುದನ್ನು ಕಂಡು, ಮತ್ತೊಮ್ಮೆ ನೀರು ಹರಿಸಬೇಕು. ತೋರಣಗಲ್ಲು, ಗಿಣಿಗೇರಿ ಕಡೆಯವರು ಈ ನೊರೆಯ ಹಂತವನ್ನು ಎಂದೂ ಬಿಡಬಾರದು.

ಇದಾದ ಮೇಲೆಯೇ ಕೈಗವಸು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು ಇರಲಿ. ಶಾಂಪೂವಿನಲ್ಲಿ ಅದ್ದಿದ ಕೈಗವಸನ್ನು ಛಾವಣಿಯ ಒಂದು ಭಾಗದ ಮೇಲೆ ಒತ್ತದೆ, ಗುಂಡಗೆ ತಿರುಗಿಸದೆ, ನೇರವಾಗಿ ಎಳೆದು, ಬರಿಯ ನೀರಿನ ಬಕೆಟ್ಟಿನಲ್ಲಿ ಅಲುಬಿ, ಹಿಂಡಿ, ಆಮೇಲೆ ಮತ್ತೆ ಶಾಂಪೂವಿಗೆ ಅದ್ದಬೇಕು. ಛಾವಣಿ, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್, ಇದೇ ಕ್ರಮ. ಕೈಗವಸು ನೆಲಕ್ಕೆ ಬಿದ್ದರೆ ಅಂದಿನ ಮಟ್ಟಿಗೆ ಅದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಕು. ಒಂದು ಬದಿ ತೊಳೆಯುವಾಗ ಇನ್ನೊಂದು ಬದಿ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿರಬೇಕು.

ಕೊನೆಯ ಜಾಲನೆಯ ಬಳಿಕ ಟವೆಲನ್ನು ಬಣ್ಣದ ಮೇಲೆ ಹಾಸಿ, ತಟ್ಟಿ, ನೀರು ಹೀರಿಸಬೇಕು. ಬಿಸಿಲಿಗೆ ನಿಲ್ಲಿಸಿ ತಾನಾಗಿ ಆರಲು ಬಿಡುವುದು ನಮ್ಮ ನೀರಿನಲ್ಲಿ ಸಲ್ಲದು. ಬಾಗಿಲುಗಳನ್ನು ತೆರೆದು ಅಂಚುಗಳನ್ನು ಒರೆಸಿ, ಬಾಗಿಲಿನ ತಳದಲ್ಲಿರುವ ನೀರು ಹೊರಹೋಗುವ ಸಣ್ಣ ರಂಧ್ರಗಳು ಮಣ್ಣಿನಿಂದ ಮುಚ್ಚಿಹೋಗಿಲ್ಲವೆಂದು ನೋಡಿಕೊಳ್ಳಬೇಕು.

ವಾಟರ್ ಸರ್ವಿಸ್ ಅಂಗಡಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ನಿಮ್ಮ ಕಾರಿಗಿಂತ ಮುಂಚೆ ಗದ್ದೆಯಿಂದ ಬಂದ ಟ್ರ್ಯಾಕ್ಟರೋ ಅದಿರಿನ ಲಾರಿಯೋ ಅದೇ ಸ್ಪಂಜಿನಿಂದ ತೊಳೆಸಿಕೊಂಡಿರಬಹುದು. ನೊರೆ ಮತ್ತು ನೀರು ಮಾತ್ರ ಅವರದಾಗಿರಲಿ, ಕೈಗವಸು ಮತ್ತು ಟವೆಲ್ ನಿಮ್ಮದಾಗಿರಲಿ. ಪಂಪಿನ ಮೂತಿ ಬಣ್ಣದಿಂದ ಎರಡು ಅಡಿಯಾದರೂ ದೂರವಿರಬೇಕು, ಕಲ್ಲೇಟು ಬಿದ್ದ ಜಾಗಕ್ಕೆ ನೇರ ಹೊಡೆಯಬಾರದು. ತೊಳೆದ ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವ ರೂಢಿ ಇದ್ದರೆ ಖಡಾಖಂಡಿತವಾಗಿ ಬೇಡವೆನ್ನಬೇಕು. ಅದು ರಬ್ಬರ್ ಭಾಗಗಳನ್ನು ಕೆಡಿಸುತ್ತದೆ, ಬಣ್ಣದ ಮೇಲೆ ಉಳಿಯುವ ಜಿಡ್ಡು ಊರಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ನಾಲ್ಕನೆಯ ಹಂತ: ನಾಟಿಕೊಂಡದ್ದನ್ನು ಬಿಡಿಸುವುದು

ತೊಳೆದು ಒಣಗಿಸಿದ ಕಾರಿನ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಹಗುರಾಗಿ ಸವರಿದಾಗ ಉಪ್ಪುಕಾಗದದಂತೆ ತರಿತರಿಯಾಗಿ ತಗುಲಿದರೆ ಕಣಗಳು ನಾಟಿವೆ ಎಂದರ್ಥ. ಲೋಹದ ಕಣಗಳಿಗೆ ಐರನ್ ರಿಮೂವರ್ ಎಂಬ ದ್ರಾವಣ ಸಿಗುತ್ತದೆ. ನೆರಳಿನಲ್ಲಿ, ತಣ್ಣಗಿನ ಬಣ್ಣದ ಮೇಲೆ, ಕೈಗೆ ಗ್ಲೌಸ್ ಹಾಕಿಕೊಂಡು ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟೇ ಹೊತ್ತು, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಬಿಟ್ಟರೆ ಕಬ್ಬಿಣವಿದ್ದಲ್ಲೆಲ್ಲ ನೇರಳೆ ಬಣ್ಣ ಹರಿಯುತ್ತದೆ. ಒಣಗುವ ಮುನ್ನ ಚೆನ್ನಾಗಿ ತೊಳೆಯಬೇಕು. ಉಕ್ಕಿನ ಕಾರ್ಖಾನೆಗಳ ಹತ್ತಿರದವರು ವರ್ಷಕ್ಕೆ ಎರಡು ಸಲ, ಉಳಿದವರು ಒಂದು ಸಲ ಮಾಡಿದರೆ ಸಾಕು. ಬರಿಯ ಅದಿರಿನ ಧೂಳಿನ ಮೇಲೆ ಇದರ ಪ್ರಭಾವ ಕಡಿಮೆ, ಅದು ನೊರೆಗೂ ಕ್ಲೇ ಬಾರಿಗೂ ಬಿಟ್ಟ ಕೆಲಸ.

ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯನ್ನು ಅಂಗೈಯಗಲ ತಟ್ಟಿ, ಬಣ್ಣದ ಮೇಲೆ ಜಾರುದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರವಾಗಿ ಎಳೆಯಬೇಕು. ಒಂದೊಂದು ಭಾಗ ಮುಗಿದಾಗ ಮುದ್ದೆಯನ್ನು ಮಡಚಿ ಹೊಸ ಮೈ ಮೇಲೆ ತರಬೇಕು. ಕೆಳಗೆ ಬಿದ್ದ ಕ್ಲೇಯನ್ನು ಎಸೆಯಲೇಬೇಕು, ತೊಳೆದು ಬಳಸಲು ಬರುವುದಿಲ್ಲ.

ಗಡಸು ನೀರಿನ ಹೊಸ ಕಲೆಗಳಿಗೆ ಬಿಳಿ ವಿನೆಗರನ್ನು ಅಷ್ಟೇ ಪ್ರಮಾಣದ ಶುದ್ಧ ನೀರಿನಲ್ಲಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಇಟ್ಟು ತೊಳೆದರೆ ಹೋಗುತ್ತವೆ. ಅಲ್ಲಿದ್ದ ವ್ಯಾಕ್ಸ್ ಕೂಡ ಹೋಗುವುದರಿಂದ ಮತ್ತೆ ಹಚ್ಚಬೇಕು. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣನ್ನಾಗಲಿ, ನಿಂಬೆ ಹೋಳನ್ನಾಗಲಿ ಕಾರಿಗೆ ಉಜ್ಜಬಾರದು. ವಿನೆಗರಿಗೂ ಜಗ್ಗದ ಕಲೆ ಈಗಾಗಲೇ ಕ್ಲಿಯರ್ ಕೋಟನ್ನು ಕೊರೆದಿರುತ್ತದೆ, ಅದಕ್ಕೆ ಪಾಲಿಶ್ ಒಂದೇ ದಾರಿ.

ಆದರೆ ಪಾಲಿಶ್ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ರಬ್ಬಿಂಗ್ ಎಂದು ಕರೆಯುವ ಕೆಲಸ ಕ್ಲಿಯರ್ ಕೋಟಿನ ಒಂದಿಷ್ಟು ದಪ್ಪವನ್ನು ಕೆರೆದು ತೆಗೆಯುವ ಕೆಲಸ. ಹೊಳಪು ಬರುವುದು ಗೀರಿನ ಆಳದವರೆಗೆ ಮೇಲ್ಮೈಯನ್ನು ಇಳಿಸಿದ್ದರಿಂದ. ಹಬ್ಬಕ್ಕೊಮ್ಮೆ ರಬ್ಬಿಂಗ್ ಮಾಡಿಸಿದ ಕಾರು ಮೂರ್ನಾಲ್ಕು ವರ್ಷ ಥಳಥಳಿಸಿ ಆಮೇಲೆ ಛಾವಣಿಯಲ್ಲಿ ಬಿಳುಚಿಕೊಳ್ಳುವುದಕ್ಕೆ ಕಾರಣ ಇದೇ. ಕಾರಿನ ಇಡೀ ಆಯುಷ್ಯದಲ್ಲಿ ಅಂಥ ಕೆಲಸಕ್ಕೆ ಬೆರಳೆಣಿಕೆಯಷ್ಟು ಅವಕಾಶಗಳಿವೆ ಎಂದು ತಿಳಿದು, ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡವರ ಬಳಿ ಮಾತ್ರ ಮಾಡಿಸಬೇಕು.

ಐದನೆಯ ಹಂತ: ಮೇಲುಲೇಪನ

ವ್ಯಾಕ್ಸಿನಲ್ಲಿ ಬಳಸುವ ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯ ಮೇಣ ಸುಮಾರು 82 ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಬಾನೆಟ್ ಆ ಮಟ್ಟದ ಹತ್ತಿರಕ್ಕೆ ಹೋಗುವುದರಿಂದ ಅಂಥ ವ್ಯಾಕ್ಸ್ ಕೆಲವೇ ವಾರ ಬಾಳುತ್ತದೆ. ಚಳಿಗಾಲಕ್ಕೆ ಅದು ಸಾಕು, ಬೇಸಿಗೆಗೆ ಸಾಲದು. ಪಾಲಿಮರ್ ಸೀಲಂಟ್ ಅಥವಾ ಸಿಲಿಕಾ ಆಧಾರಿತ ಸ್ಪ್ರೇ ಲೇಪನ ಮೂರರಿಂದ ಆರು ತಿಂಗಳು ನಿಲ್ಲುತ್ತದೆ, ಮನೆಯಲ್ಲಿಯೇ ಹಚ್ಚಬಹುದು, ಖರ್ಚೂ ಮಿತ. ಬಣ್ಣದ ಮೇಲೆ ಗಾಜಿನಂತೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ಸರಿಯಾಗಿ ನೋಡಿಕೊಂಡರೆ ಎರಡು ವರ್ಷ ಅಥವಾ ಹೆಚ್ಚು ಬಾಳುತ್ತದೆ, ಹಕ್ಕಿಹಿಕ್ಕೆ ಮತ್ತು ರಾಸಾಯನಿಕಗಳಿಗೆ ಒಳ್ಳೆಯ ತಡೆ. ಜಾಹೀರಾತಿನಲ್ಲಿ ಕಾಣುವ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆಯೇ ಹೊರತು ಖನಿಜಗಳ ಮೋಸ್ ಅಳತೆಯಲ್ಲ. ಅದಿರಿನ ಧೂಳನ್ನು ಅದರ ಮೇಲೆ ಉಜ್ಜಿದರೂ ಗೀರು ಬೀಳುತ್ತದೆ, ಕಲ್ಲೇಟನ್ನಂತೂ ಅದು ತಡೆಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ. ಸೆರಾಮಿಕ್ ಮೇಲ್ಮೈಯಲ್ಲಿ ನೀರು ಮುತ್ತಿನ ಹನಿಗಳಾಗಿ ನಿಲ್ಲುತ್ತದೆ. ಬೋರ್‌ವೆಲ್ ನೀರಿನ ಅಂಥ ಪ್ರತಿಯೊಂದು ಹನಿ ಆರಿದಾಗ ಲವಣವೆಲ್ಲ ಒಂದೇ ಬಿಂದುವಿನಲ್ಲಿ ಒಟ್ಟಾಗಿ ಇನ್ನೂ ಗಟ್ಟಿಯಾದ ಕಲೆಯಾಗುತ್ತದೆ. ಆದ್ದರಿಂದ ಮೃದು ನೀರೂ ತೊಳೆಯುವ ಶಿಸ್ತೂ ಇಲ್ಲದ ಮನೆಗೆ ಸೆರಾಮಿಕ್‌ಗಿಂತ ಮೂರು ತಿಂಗಳಿಗೊಮ್ಮೆ ಹಚ್ಚುವ ಸೀಲಂಟೇ ಮೇಲು ಎಂಬುದು ನನ್ನ ಖಚಿತ ಸಲಹೆ. ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್, ಅಂದರೆ ಪಿಪಿಎಫ್, ಕಲ್ಲೇಟನ್ನು ನಿಜವಾಗಿ ತಡೆಯುತ್ತದೆ. ಇಡೀ ಕಾರಿಗೆ ಹಾಕಿಸುವುದು ದುಬಾರಿಯಾದರೆ, ಅದಿರಿನ ಲಾರಿಗಳ ಹಿಂದೆ ದಿನಾ ಓಡಾಡುವವರು ಮುಂದಿನ ಬಂಪರ್, ಬಾನೆಟ್ಟಿನ ಅಂಚು, ಕನ್ನಡಿಗಳು ಮತ್ತು ಹಿಂದಿನ ಚಕ್ರದ ಮುಂಭಾಗಕ್ಕಾದರೂ ಹಾಕಿಸಿಕೊಳ್ಳಬಹುದು.

ಸೀಲಂಟ್ ಹಚ್ಚುವ ದಿನ ಗಾಳಿಯಿಲ್ಲದ ಮುಂಜಾವನ್ನು ಆರಿಸಿಕೊಳ್ಳಬೇಕು, ಹಾರಿಬರುವ ಧೂಳು ಲೇಪನದಡಿ ಸಿಕ್ಕಿಕೊಳ್ಳಬಾರದು. ಎರಡು ಅಡಿ ಚೌಕದ ಭಾಗವನ್ನು ಹಿಡಿದು, ಸ್ಪಂಜಿನಲ್ಲಿ ನಾಲ್ಕೈದು ಹನಿ ಹಾಕಿ, ಕಂಡೂ ಕಾಣದಷ್ಟು ತೆಳುವಾಗಿ ಸವರಬೇಕು. ದಪ್ಪ ಹಚ್ಚಿದರೆ ಹೆಚ್ಚು ಬಾಳುವುದಿಲ್ಲ, ಒರೆಸುವುದು ಮಾತ್ರ ಕಷ್ಟವಾಗುತ್ತದೆ. ಮಬ್ಬು ಕಟ್ಟಿದ ಮೇಲೆ ಸ್ವಚ್ಛ ಮೈಕ್ರೋಫೈಬರಿನಿಂದ ತೆಗೆದು, ಬಟ್ಟೆಯ ಮಗ್ಗುಲು ಬದಲಿಸಿ ಮತ್ತೊಮ್ಮೆ ಒರೆಸಬೇಕು. ಆಮೇಲೆ ಒಂದು ದಿನ ನೀರು ತಾಗಿಸಬಾರದು. ನೀರು ಹಾಕಿದಾಗ ಹನಿಗಟ್ಟದೆ, ಬೇಗ ಜಾರದೆ, ಮಂಕಾಗಿ ಹರಡಿಕೊಂಡು ನಿಂತರೆ ಲೇಪನ ಮುಗಿದಿದೆ ಎಂದು ತಿಳಿಯಬೇಕು.

ವರ್ಷದ ಲೆಕ್ಕದಲ್ಲಿ ದೊಡ್ಡ ಕೆಲಸವನ್ನು, ಅಂದರೆ ಕ್ಲೇ ಮತ್ತು ಸೀಲಂಟನ್ನು, ಶಿವರಾತ್ರಿಗೆ ಮುಂಚೆ, ಬಿಸಿಲೇರುವ ಮೊದಲೇ ಮುಗಿಸುವುದು ಲೇಸು. ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ ಗಾಳಿಯ ಧೂಳನ್ನೆಲ್ಲ ಹೊತ್ತು ಬೀಳುವ ಕೆಸರುಹನಿಗಳನ್ನು ಮರುದಿನವೇ ತೊಳೆಯಬೇಕು; ಮಳೆ ತೊಳೆದಿದೆಯಲ್ಲ ಎಂದು ಬಿಡುವಂತಿಲ್ಲ. ಮುಂಗಾರಿನ ಗಾಳಿಗೆ ಮೊದಲು ಇನ್ನೊಂದು ಕೈ ಸೀಲಂಟ್, ಇಲ್ಲಿ ಅತಿ ಹೆಚ್ಚು ಮಳೆಯಾಗುವ ಸೆಪ್ಟೆಂಬರ್ ಕಳೆದು ಹಸ್ತ ಮಳೆ ಮುಗಿದ ಮೇಲೆ ಮತ್ತೊಂದು. ಚಳಿಗಾಲದಲ್ಲಿ ಇಬ್ಬನಿ ಮತ್ತು ಧೂಳು ಸೇರಿದ ಮುಂಜಾವಿನ ಲೋಳೆಯನ್ನು ಒರೆಸುವ ಆಸೆಯನ್ನು ತಡೆದುಕೊಳ್ಳಬೇಕು.

ಆರನೆಯ ಹಂತ: ನೆರಳು ಮತ್ತು ಹೊದಿಕೆ

ಎಲ್ಲ ಲೇಪನಗಳಿಗಿಂತ ಒಳ್ಳೆಯ ರಕ್ಷಣೆ ನೆರಳು. ಸ್ವಂತ ಶೆಡ್ ಇಲ್ಲದವರು ಸಸ್ಯಕ್ಷೇತ್ರಗಳಲ್ಲಿ ಬಳಸುವ 75 ಶೇಕಡಾ ನೆರಳಿನ ಬಲೆಯನ್ನು ನಾಲ್ಕು ಕಂಬಗಳ ಮೇಲೆ, ಕಾರಿಗೆ ತಾಗದಷ್ಟು ಎತ್ತರದಲ್ಲಿ ಬಿಗಿದು, ಪಡುವಣ ದಿಕ್ಕಿಗೆ ಒಂದು ಪರದೆ ಇಳಿಬಿಟ್ಟರೆ ಮಧ್ಯಾಹ್ನದ ನಂತರದ ಕಡುಬಿಸಿಲು ತಪ್ಪುತ್ತದೆ. ನೆರಳೇ ಇಲ್ಲದಿದ್ದರೆ ದಿನಾ ಒಂದೇ ಮಗ್ಗುಲು ಪಡುವಣಕ್ಕೆ ಮುಖಮಾಡದಂತೆ ಕಾರನ್ನು ತಿರುಗಿಸಿ ನಿಲ್ಲಿಸುತ್ತಿರಬೇಕು. ತಗಡಿನ ಶೆಡ್ ತುಕ್ಕು ಹಿಡಿದಿದ್ದರೆ ಮಳೆನೀರಿನೊಡನೆ ಕೆಂಪು ತೊಟ್ಟಿಕ್ಕುತ್ತದೆ, ಮಳೆಗಾಲಕ್ಕೆ ಮೊದಲು ಅದಕ್ಕೆ ಬಣ್ಣ ಹೊಡೆಸಬೇಕು.

ಮರದ ನೆರಳು ಹಗಲಿಗೆ ಒಳ್ಳೆಯದು, ರಾತ್ರಿಗೆ ಅಲ್ಲ. ಬೇವಿನ ಹಣ್ಣು ಮಾಗುವ ಕಾಲದಲ್ಲಿಯೂ, ಆಲ, ಅರಳಿಗಳಲ್ಲಿ ಹಣ್ಣು ತುಂಬಿದಾಗಲೂ ಹಕ್ಕಿಗಳು ಅಲ್ಲಿಯೇ ತಂಗುತ್ತವೆ.

ಕಾರ್ ಕವರ್ ಬಗ್ಗೆ ಜನರಲ್ಲಿ ಅತಿಯಾದ ನಂಬಿಕೆಯಿದೆ. ಧೂಳು ಹಿಡಿದ ಕಾರಿಗೆ ಕವರ್ ಹಾಕಿದರೆ, ಜೂನ್–ಜುಲೈ ಗಾಳಿಗೆ ಅದು ಬಡಿದಾಡಿ, ಒಳಗಿನ ಧೂಳಿನಿಂದ ಇಡೀ ರಾತ್ರಿ ಬಣ್ಣವನ್ನು ಉಜ್ಜುತ್ತದೆ. ತೊಳೆದ ಕಾರನ್ನು ಹಲವು ದಿನ ನಿಲ್ಲಿಸಿ ಹೋಗುವುದಿದ್ದರೆ ಮಾತ್ರ, ಒಳಮೈ ಮೆತ್ತಗಿರುವ, ಗಾಳಿಯಾಡುವ ಕವರನ್ನು ಹೊಟ್ಟೆಯಡಿ ಪಟ್ಟಿ ಬಿಗಿದು ಹಾಕಬಹುದು. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೆ ಹಿಡಿದಿಡುವುದರಿಂದ ಎಂದೂ ಬೇಡ.

ಕಾಯದೆ ತೆಗೆಯಬೇಕಾದವು

ಹಕ್ಕಿಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಜೊತೆಗೆ ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗಿ, ರಾತ್ರಿ ಕುಗ್ಗುವಾಗ ಒಣಗಿದ ಹಿಕ್ಕೆಯ ಮೈಗೆ ಅಚ್ಚೊತ್ತಿದಂತೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ಇದಕ್ಕೆ ಸಾಕು. ಕಾರಿನಲ್ಲಿ ಒಂದು ಬಾಟಲಿ ಶುದ್ಧ ನೀರು, ಒಂದು ಮೈಕ್ರೋಫೈಬರ್ ಬಟ್ಟೆ ಸದಾ ಇರಲಿ. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಎರಡು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಬೇಕು. ಭತ್ತದ ಗದ್ದೆಗಳ ನಡುವೆ ರಾತ್ರಿ ಪ್ರಯಾಣಿಸಿದಾಗ ಮುಂಭಾಗಕ್ಕೆ ಅಂಟುವ ಹುಳುಗಳಿಗೂ ಇದೇ ಕ್ರಮ. ಡಾಂಬರಿನ ಚುಕ್ಕೆಗಳಿಗೆ ಟಾರ್ ರಿಮೂವರ್ ಬಳಸಿ ತಕ್ಷಣ ಶಾಂಪೂವಿನಿಂದ ತೊಳೆಯಬೇಕು. ಮನೆಗೆ ಸುಣ್ಣ ಬಳಿಯುವಾಗ, ಪಕ್ಕದಲ್ಲಿ ಗಾರೆ ಕೆಲಸ ನಡೆಯುವಾಗ ಕಾರನ್ನು ದೂರ ನಿಲ್ಲಿಸಬೇಕು, ಸುಣ್ಣ ಮತ್ತು ಸಿಮೆಂಟಿನ ಕ್ಷಾರ ಬಣ್ಣಕ್ಕೆ ಕೆಟ್ಟದ್ದು.

ಆಯುಧ ಪೂಜೆಯ ದಿನ ಕಾರಿಗೆ ವಿಭೂತಿ ಪಟ್ಟಿ ಎಳೆದು ಕುಂಕುಮವಿಡುವುದು ನಮ್ಮ ಮನೆಮನೆಯ ಸಂಪ್ರದಾಯ, ಅದನ್ನು ಬಿಡಬೇಕಾಗಿಲ್ಲ. ಗಾಜಿನ ಮೇಲೆ ಅಥವಾ ನಂಬರ್ ಪ್ಲೇಟಿನ ಮೇಲೆ ಇಟ್ಟರೆ ಪೂಜೆಗೂ ಕೊರತೆಯಿಲ್ಲ, ಬಣ್ಣಕ್ಕೂ ಕಲೆಯಿಲ್ಲ. ಚೆಂಡುಹೂವಿನ ಮಾಲೆಯನ್ನು ಟೇಪಿನಿಂದ ಅಂಟಿಸದೆ ಗ್ರಿಲ್ಲಿಗೆ ಕಟ್ಟಿ, ಗಾಳಿಗೆ ದಾರ ಉಜ್ಜದಂತೆ ಊರಾಚೆ ಹೋಗುವ ಮೊದಲೇ ಬಿಚ್ಚಬೇಕು. ಒಡೆದ ಕಾಯಿಯ ನೀರು, ಕುಂಬಳಕಾಯಿಗೆ ಹಾಕಿದ ಕುಂಕುಮ ಸಿಡಿದಿದ್ದರೆ ಅಂದು ಸಂಜೆಯೇ ನೀರು ಹಾಕಿ ತೊಳೆಯಬೇಕು.

ಕಲ್ಲೇಟು ಬಿದ್ದಾಗ

ಹೊದಿಕೆಯಿಲ್ಲದ ಲಾರಿಯಿಂದ ಉದುರಿದ ಅದಿರಿನ ತುಣುಕು ಬಣ್ಣವನ್ನು ತಗಡಿನವರೆಗೆ ಹಾರಿಸಿಬಿಡಬಲ್ಲದು. ಒಣ ಹವೆಯಲ್ಲಿ ತುಕ್ಕು ನಿಧಾನವಾಗಿ ಬರುವುದರಿಂದ ನಾವು ಅದನ್ನು ಮರೆಯುತ್ತೇವೆ, ಮಳೆಗಾಲದಲ್ಲಿ ಅದು ಬಣ್ಣದಡಿ ಹರಡಿ ಗುಳ್ಳೆ ಏಳಿಸುತ್ತದೆ. ಬಾಗಿಲ ಕಂಬದ ಮೇಲೆ ಅಥವಾ ಎಂಜಿನ್ ಕೋಣೆಯಲ್ಲಿರುವ ಫಲಕದಲ್ಲಿ ಬಣ್ಣದ ಸಂಕೇತ ನೋಡಿ, ಅದಕ್ಕೆ ಹೊಂದುವ ಟಚ್ ಅಪ್ ಬಾಟಲಿ ತರಬೇಕು. ಆ ಜಾಗವನ್ನು ತೊಳೆದು, ತುಕ್ಕಿದ್ದರೆ ಸಣ್ಣ ಉಪ್ಪುಕಾಗದದ ತುದಿಯಿಂದ ಅಷ್ಟನ್ನೇ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ಒರೆಸಿ, ತಗಡು ಕಾಣುತ್ತಿದ್ದರೆ ಮೊದಲು ಪ್ರೈಮರ್ ಇಡಬೇಕು. ಆಮೇಲೆ ಬಾಟಲಿಯ ಕುಂಚಕ್ಕೆ ಬದಲು ಕಡ್ಡಿಯ ತುದಿಯಲ್ಲಿ ಒಂದು ಹನಿ ಬಣ್ಣವನ್ನು ಗುಂಡಿಯೊಳಗೆ ಮಾತ್ರ ಇಟ್ಟು, ಅದು ಆರಿ ಕುಗ್ಗಿದ ಮೇಲೆ ಇನ್ನೊಂದು ಹನಿ, ಹೀಗೆ ಸುತ್ತಲಿನ ಮಟ್ಟಕ್ಕೆ ಬರುವವರೆಗೆ ತುಂಬಿ, ಮೇಲೆ ಕ್ಲಿಯರ್ ಹಚ್ಚಬೇಕು. ಗುಂಡಿ ಉಗುರಿಗಿಂತ ದೊಡ್ಡದಾಗಿದ್ದರೆ ಅಥವಾ ತಗಡು ನೆಗ್ಗಿದ್ದರೆ ಅದು ಪೇಂಟರನ ಕೆಲಸ. ಹೊಸದಾಗಿ ಬಣ್ಣ ಕಂಡ ಜಾಗಕ್ಕೆ ಕನಿಷ್ಠ ಒಂದು ತಿಂಗಳು ವ್ಯಾಕ್ಸನ್ನಾಗಲಿ ಸೀಲಂಟನ್ನಾಗಲಿ ಹಚ್ಚದೆ, ಒಳಗಿನ ದ್ರಾವಕ ಪೂರ್ತಿ ಆವಿಯಾಗಲು ಬಿಡಬೇಕು. ಅಲ್ಲಿಯವರೆಗೆ ಆ ಭಾಗವನ್ನು ಬರಿಯ ಮೃದು ನೀರು ಮತ್ತು ಶಾಂಪೂವಿನಿಂದ ತೊಳೆದರೆ ಸಾಕು.